ಒಂದು ಪಕ್ಷದಲ್ಲಿ ನಿಂತು ಬರೆದರೆ ಅದು ಪತ್ರಿಕೋದ್ಯಮವೇ? ಚಿಕಾನೋ ಪತ್ರಿಕೆಗಳ ಕಥೆ

ಪ್ರಶ್ನೆ: ನಾನು ಮೈಸೂರಿನಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಅಮೆರಿಕದ ಪತ್ರಿಕೆಗಳ ಇತಿಹಾಸ ಹೇಳುವಾಗ ನಮ್ಮ ಮೇಷ್ಟ್ರು ‘ಚಿಕಾನೋ ಪತ್ರಿಕೋದ್ಯಮ’ ಅಂತ ಎರಡು ಸಾಲು ಹೇಳಿ ಮುಂದಕ್ಕೆ ಹೋದರು. ಸೆಮಿನಾರಿಗೆ ನಾನು ಅದನ್ನೇ ಆರಿಸಿಕೊಂಡಿದ್ದೇನೆ. ಅಮೆರಿಕದ ಸ್ಪ್ಯಾನಿಷ್ ಪತ್ರಿಕೆಗಳೂ ಇವೂ ಒಂದೇನಾ, ಬೇರೆಯಾ? ಇವರ ಬರವಣಿಗೆಯಲ್ಲಿ ಏನು ವಿಶೇಷ? ಚಳವಳಿಯವರೇ ನಡೆಸಿದ ಪತ್ರಿಕೆ ಅಂದಮೇಲೆ ಅದು ಕರಪತ್ರ ಆಗುವುದಿಲ್ವಾ?

ಉತ್ತರ: ಕರಪತ್ರ ಆಗಬಹುದು. ಎಷ್ಟೋ ಸಲ ಆಗಿದೆ ಕೂಡ. ಆದರೆ ಈ ಪತ್ರಿಕೆಗಳ ಒಳ್ಳೆಯ ಸಂಚಿಕೆಗಳನ್ನು ಓದಿದರೆ ಬೇರೆಯದೇ ಒಂದು ಕಾಣುತ್ತದೆ. ತಾವು ಯಾರ ಪರ ಅಂತ ಅವರು ಮೊದಲ ಪುಟದಲ್ಲೇ ಹೇಳಿಬಿಡುತ್ತಿದ್ದರು. ಹಾಗೆ ಹೇಳಿದ ಮೇಲೆ ಸಾಕ್ಷಿ ಒದಗಿಸುವ ಹೊಣೆ ಇನ್ನೂ ಜಾಸ್ತಿಯಾಗುತ್ತಿತ್ತು. ಪೊಲೀಸರಾಗಲಿ, ಕೋರ್ಟಾಗಲಿ ಇವರ ಮಾತನ್ನು ಸುಮ್ನೆ ನಂಬುವ ಪರಿಸ್ಥಿತಿ ಇರಲಿಲ್ಲ. ಹೆಸರು, ತಾರೀಖು, ಜಾಗ, ಫೋಟೋ ಎಲ್ಲವನ್ನೂ ಮುಂದಿಟ್ಟೇ ಮಾತಾಡಬೇಕಿತ್ತು. ನನ್ನ ಮಟ್ಟಿಗೆ ಚಿಕಾನೋ ಪತ್ರಿಕೋದ್ಯಮದ ಜೀವ ಇರುವುದು ಇಲ್ಲಿ. ಇದನ್ನು ತೋರಿಸಲು ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಚಿಕಾನೋ ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದವರು. ಮೊದಲು ಅದು ಕೀಳಾಗಿ ಕರೆಯುವ ಹೆಸರಾಗಿತ್ತು. 1960ರ ದಶಕದಲ್ಲಿ ಅಲ್ಲಿನ ಯುವಕರು ಅದನ್ನೇ ಎದೆಯೆತ್ತಿ ಹೇಳಿಕೊಂಡರು. ಹಾಗಾಗಿ ಕಟ್ಟುನಿಟ್ಟಾಗಿ ಹೇಳುವುದಾದರೆ ಚಿಕಾನೋ ಪತ್ರಿಕೋದ್ಯಮ ಎಂದರೆ 1960ರ ದಶಕದ ನಡುವಿನಿಂದ 1970ರ ದಶಕದ ಕೊನೆಯವರೆಗೆ ಆ ಚಳವಳಿಯ ಜೊತೆ ಹುಟ್ಟಿ ಬೆಳೆದ ಪತ್ರಿಕೆಗಳು. ಅಮೆರಿಕದ ಸ್ಪ್ಯಾನಿಷ್ ಪತ್ರಿಕೆಗಳ ಇತಿಹಾಸ ಅದಕ್ಕಿಂತ ತುಂಬಾ ಹಳೆಯದು. ಮೊದಲನೆಯದು ‘ಎಲ್ ಮಿಸಿಸಿಪಿ’. ಅದು 1808ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೊರಬಂತು. ಎರಡೂ ಒಂದೇ ಅಲ್ಲ. ಆದರೆ ಹಳೆಯದನ್ನು ಬಿಟ್ಟು ಹೊಸದನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

1848ರ ಫೆಬ್ರವರಿ 2ರಂದು ಗ್ವಾದಲೂಪೆ ಇದಾಲ್ಗೋ ಒಪ್ಪಂದವಾಯಿತು. ಯುದ್ಧದಲ್ಲಿ ಸೋತ ಮೆಕ್ಸಿಕೋ ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋ ಸೇರಿದಂತೆ ಉತ್ತರದ ದೊಡ್ಡ ಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಎಲ್ಲಿಗೂ ಹೋಗಲಿಲ್ಲ, ಇದ್ದ ಊರಲ್ಲೇ ಇದ್ದರು. ದೇಶ ಮಾತ್ರ ಬದಲಾಯಿತು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂಬ ಘೋಷಣೆ ಚಿಕಾನೋಗಳ ಮೆರವಣಿಗೆಯಲ್ಲಿ ಕೇಳಿಬರುವುದು ಈ ಕಾರಣಕ್ಕೆ. ಅವರ ಆಸ್ತಿಗೆ, ಹಕ್ಕಿಗೆ ರಕ್ಷಣೆ ಕೊಡುತ್ತೇವೆ ಅಂತ ಒಪ್ಪಂದದಲ್ಲಿ ಬರೆದಿತ್ತು. ಮುಂದೆ ಕೋರ್ಟು ಕಚೇರಿ ಅಲೆದಲೆದೇ ಎಷ್ಟೋ ಕುಟುಂಬಗಳು ಜಮೀನು ಕಳೆದುಕೊಂಡವು.

ಈ ಹೊತ್ತಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಬ್ಬ ಹುಡುಗ ಪತ್ರಿಕೆ ತೆಗೆದ. ಹೆಸರು ಫ್ರಾನ್ಸಿಸ್ಕೋ ರಮೀರೆಸ್. 1855ರ ಜೂನ್‌ನಲ್ಲಿ ‘ಎಲ್ ಕ್ಲಾಮೋರ್ ಪೂಬ್ಲಿಕೋ’ ಶುರುವಾದಾಗ ಅವನಿಗೆ 18 ವರ್ಷ. ಅದಕ್ಕೆ ಮುಂಚೆ ಊರಿನ ಇಂಗ್ಲಿಷ್ ವಾರಪತ್ರಿಕೆಯ ಸ್ಪ್ಯಾನಿಷ್ ಪುಟ ನೋಡಿಕೊಳ್ಳುತ್ತಿದ್ದ. ಸ್ವಂತ ಪತ್ರಿಕೆಯಲ್ಲಿ ಅವನು ಮಾಡಿದ್ದು ಸರಳವಾದ, ಆದರೆ ಧೈರ್ಯ ಬೇಕಾದ ಕೆಲಸ. ಅಮೆರಿಕದ ಸಂವಿಧಾನ ಏನು ಹೇಳುತ್ತದೆ ಅಂತ ಓದುಗರಿಗೆ ಸ್ಪ್ಯಾನಿಷ್‌ನಲ್ಲಿ ತಿಳಿಸಿದ. ಬೀದಿಯಲ್ಲಿ ಏನು ನಡೆಯುತ್ತಿದೆ ಅಂತಲೂ ಅದೇ ಪತ್ರಿಕೆಯಲ್ಲಿ ಬರೆದ. ಗುಂಪು ಕಟ್ಟಿಕೊಂಡು ಬಂದು ಮೆಕ್ಸಿಕನ್ನರನ್ನು ನೇಣಿಗೆ ಹಾಕುತ್ತಿದ್ದ ಕಾಲ ಅದು. ಗುಲಾಮಗಿರಿಯನ್ನೂ ಅವನು ಬಿಡದೆ ವಿರೋಧಿಸಿದ.

1856ರ ಜುಲೈನಲ್ಲಿ ನಡೆದ ಒಂದು ಘಟನೆಯನ್ನು ನಿಮ್ಮ ಸೆಮಿನಾರಿನಲ್ಲಿ ಹೇಳಲೇಬೇಕು. ಆಂತೋನಿಯೋ ರುಯಿಸ್ ಎಂಬಾತನ ಮನೆಗೆ ಜಪ್ತಿ ಮಾಡಲು ಒಬ್ಬ ಪೊಲೀಸ್ ಪೇದೆ ಬಂದ. ಸಣ್ಣ ಸಾಲಕ್ಕಾಗಿ ಒಂದು ಗಿಟಾರ್ ಎತ್ತಿಕೊಂಡು ಹೋಗುವ ವಿಷಯ. ಮಾತಿಗೆ ಮಾತು ಬೆಳೆಯಿತು. ಪೇದೆ ಗುಂಡು ಹಾರಿಸಿದ, ರುಯಿಸ್ ಸತ್ತ. ಊರಿಗೆ ಊರೇ ಕೆರಳಿತು. ವಿಚಾರಣೆ ನಡೆದು ಪೇದೆಗೆ ಬಿಡುಗಡೆಯೂ ಆಯಿತು. ರಮೀರೆಸ್ ಇದರ ಬೆನ್ನು ಹತ್ತಿ ಬರೆದ. ಮೆಕ್ಸಿಕನ್ನನಿಗೆ ಒಂದು ಕಾನೂನು, ಉಳಿದವರಿಗೆ ಇನ್ನೊಂದು ಕಾನೂನು ಇದೆಯಾ ಅಂತ ಕೇಳಿದ. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಹಣ ಸಾಲದೆ 1859ರ ಡಿಸೆಂಬರ್ 31ಕ್ಕೆ ನಿಂತಿತು. ಆದರೆ ಮುಂದಿನ ನೂರು ವರ್ಷ ಈ ಪತ್ರಿಕೆಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಯನ್ನು ಅವನಾಗಲೇ ಕೇಳಿಯಾಗಿತ್ತು.

ಟೆಕ್ಸಸ್‌ಗೆ ಬರೋಣ. ಗಡಿಯೂರು ಲರೇಡೋದಲ್ಲಿ ನಿಕಾಸಿಯೋ ಈದಾರ್ ‘ಲಾ ಕ್ರೋನಿಕಾ’ ಎಂಬ ಪತ್ರಿಕೆ ನಡೆಸುತ್ತಿದ್ದರು. ಮಕ್ಕಳೂ ಅದರಲ್ಲೇ ದುಡಿಯುತ್ತಿದ್ದರು. ಮಗಳು ಹೋವಿತಾ ಮೊದಲು ಶಾಲೆಯ ಟೀಚರ್ ಆಗಿದ್ದಳು. ಮೆಕ್ಸಿಕನ್ ಮಕ್ಕಳ ಶಾಲೆಯಲ್ಲಿ ಬೆಂಚು, ಪುಸ್ತಕಗಳಿಗೂ ಗತಿಯಿಲ್ಲದ್ದನ್ನು ನೋಡಿ ಕೆಲಸ ಬಿಟ್ಟು ಪತ್ರಿಕೆಗೆ ಬಂದಳು. 1910ರಲ್ಲಿ ಆಂತೋನಿಯೋ ರೊದ್ರೀಗೆಸ್ ಎಂಬ ಯುವಕನನ್ನು ಗುಂಪು ಸುಟ್ಟು ಕೊಂದಿತು. 1911ರಲ್ಲಿ 14 ವರ್ಷದ ಆಂತೋನಿಯೋ ಗೋಮೆಸ್‌ನನ್ನು ಇನ್ನೊಂದು ಗುಂಪು ಕೊಂದಿತು. ‘ಲಾ ಕ್ರೋನಿಕಾ’ ಇದನ್ನೆಲ್ಲ ಬರೆದು ಸುಮ್ಮನಾಗಲಿಲ್ಲ. 1911ರ ಸೆಪ್ಟೆಂಬರ್‌ನಲ್ಲಿ ಲರೇಡೋದಲ್ಲೇ ಟೆಕ್ಸಸ್ ಮೆಕ್ಸಿಕನ್ನರ ದೊಡ್ಡ ಸಮಾವೇಶ ಕರೆಯಿತು. ಪತ್ರಿಕೆಯೇ ಸಂಘಟನೆಯನ್ನೂ ಕಟ್ಟುವ ಪದ್ಧತಿ ಇಲ್ಲಿ ಎದ್ದು ಕಾಣುತ್ತದೆ.

1914ರಲ್ಲಿ ಹೋವಿತಾ ‘ಎಲ್ ಪ್ರೋಗ್ರೇಸೋ’ದಲ್ಲಿ ಕೆಲಸ ಮಾಡುತ್ತಿದ್ದಳು. ಅಧ್ಯಕ್ಷ ವುಡ್ರೋ ವಿಲ್ಸನ್ ಗಡಿಗೆ ಸೈನ್ಯ ಕಳಿಸಿದ್ದನ್ನು ಟೀಕಿಸಿ ಆ ಪತ್ರಿಕೆ ಸಂಪಾದಕೀಯ ಬರೆಯಿತು. ಟೆಕ್ಸಸ್ ರೇಂಜರ್ಸ್ ಎಂಬ ಸಶಸ್ತ್ರ ಪೊಲೀಸರು ಪ್ರೆಸ್ ಮುಚ್ಚಿಸಲು ಬಂದರು. ಹೋವಿತಾ ಬಾಗಿಲಿಗೆ ಅಡ್ಡ ನಿಂತಳು. ಅವತ್ತು ಅವರು ವಾಪಸ್ ಹೋದರು. ಆಮೇಲೆ ಅವಳಿಲ್ಲದ ಹೊತ್ತು ನೋಡಿ ಬಂದು ಮೆಷಿನ್ ಒಡೆದು ಹಾಕಿದರು. ಅಮೆರಿಕದ ಟಂಕಸಾಲೆ 2023ರಲ್ಲಿ ಅವಳ ಚಿತ್ರವಿರುವ ಕಾಲು ಡಾಲರ್ ನಾಣ್ಯ ಹೊರಡಿಸಿತು.

ಇದೇ ಕಾಲದಲ್ಲಿ ಮೆಕ್ಸಿಕೋದಲ್ಲಿ ಕ್ರಾಂತಿ ನಡೆಯುತ್ತಿತ್ತು. ಅಲ್ಲಿಂದ ಬಂದವರು ಎರಡು ಬಗೆಯ ಪತ್ರಿಕೆ ತಂದರು. ಒಂದು ಕಡೆ ರಿಕಾರ್ದೋ ಫ್ಲೋರೆಸ್ ಮಾಗೋನ್‌ನ ‘ರೆಹೆನೆರಾಸಿಯೋನ್’. 1900ರಲ್ಲಿ ಮೆಕ್ಸಿಕೋ ನಗರದಲ್ಲಿ ಶುರುವಾದ ಅದು ಸರ್ಕಾರದ ಕಾಟಕ್ಕೆ ಸ್ಯಾನ್ ಆಂಟೋನಿಯೋ, ಸೇಂಟ್ ಲೂಯಿಸ್, ಲಾಸ್ ಏಂಜಲೀಸ್ ಅಂತ ಊರೂರು ಬದಲಾಯಿಸಿತು. ಮಾಗೋನ್ 1922ರಲ್ಲಿ ಅಮೆರಿಕದ ಜೈಲಿನಲ್ಲೇ ತೀರಿಕೊಂಡ. ಇನ್ನೊಂದು ಕಡೆ ಇಗ್ನಾಸಿಯೋ ಲೊಸಾನೋ ಸ್ಯಾನ್ ಆಂಟೋನಿಯೋದಲ್ಲಿ 1913ರಲ್ಲಿ ‘ಲಾ ಪ್ರೆನ್ಸಾ’, ಲಾಸ್ ಏಂಜಲೀಸ್‌ನಲ್ಲಿ 1926ರಲ್ಲಿ ‘ಲಾ ಒಪಿನಿಯೋನ್’ ತೆರೆದರು. ಇವು ಅಚ್ಚುಕಟ್ಟಾದ, ವ್ಯಾಪಾರ ಗೊತ್ತಿದ್ದ ಪತ್ರಿಕೆಗಳು. ಇವರ ಕಣ್ಣು ಇದ್ದದ್ದು ಮೆಕ್ಸಿಕೋ ಕಡೆಗೆ. ಇವತ್ತಲ್ಲ ನಾಳೆ ಊರಿಗೆ ವಾಪಸ್ ಹೋಗುತ್ತೇವೆ, ಅಲ್ಲಿಯವರೆಗೆ ನಮ್ಮ ಭಾಷೆ, ನಮ್ಮ ನಡತೆ ಕೆಡಬಾರದು ಎಂಬ ಧೋರಣೆ.

ಶೈಲಿಯ ವಿಷಯಕ್ಕೆ ಇದು ಬಹಳ ಮುಖ್ಯ. 1920ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೂಲಿಯೋ ಆರ್ಸೆ ಎಂಬ ಸಂಪಾದಕ ‘ಹೋರ್ಹೆ ಊಲಿಕಾ’ ಎಂಬ ಹೆಸರಿನಲ್ಲಿ ನಗೆಬರಹದ ಅಂಕಣ ಬರೆಯುತ್ತಿದ್ದ. ಅವನು ಜಾಸ್ತಿ ಗೇಲಿ ಮಾಡಿದ್ದು ಯಾರನ್ನು ಗೊತ್ತಾ? ಸ್ಪ್ಯಾನಿಷ್‌ಗೆ ಇಂಗ್ಲಿಷ್ ಬೆರೆಸಿ ಮಾತಾಡುವ ಬಡ ಮೆಕ್ಸಿಕನ್ನರನ್ನು, ಅಮೆರಿಕದ ಹೆಂಗಸರ ಹಾಗೆ ಬದುಕಲು ಹೊರಟ ಹೆಣ್ಣುಮಕ್ಕಳನ್ನು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಆ ಬೆರಕೆ ಮಾತೇ ಚಿಕಾನೋ ಪತ್ರಿಕೆಗಳ ಮಾತಾಯಿತು. ಒಂದು ಪ್ಯಾರಾ ಇಂಗ್ಲಿಷ್, ಮುಂದಿನದು ಸ್ಪ್ಯಾನಿಷ್. ಒಂದೇ ವಾಕ್ಯದೊಳಗೆ ಎರಡೂ. ನಡುನಡುವೆ ‘ಕಾಲೋ’, ಅಂದರೆ ಅವರ ಕೇರಿಯ ಹುಡುಗರ ಮಾತು. ಅಮೆರಿಕದ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಏಟು ತಿಂದು ಬೆಳೆದವರು ಇದನ್ನು ಬರೆಯುತ್ತಿದ್ದರು, ಓದುತ್ತಿದ್ದರು. ಅವರಿಗೆ ಶುದ್ಧ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ಶುದ್ಧ ಇಂಗ್ಲಿಷ್ ತಮ್ಮದು ಅನ್ನಿಸುತ್ತಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ ಆಡುವ ಹಾಗೇ ಬರೆದರು. ‘ಲಾ ಪ್ರೆನ್ಸಾ’ದ ಸಂಪಾದಕರು ಇದನ್ನು ಅಚ್ಚು ಹಾಕುತ್ತಲೇ ಇರಲಿಲ್ಲ. ಸ್ಪ್ಯಾನಿಷ್ ಪತ್ರಿಕೆಗೂ ಚಿಕಾನೋ ಪತ್ರಿಕೆಗೂ ಏನು ವ್ಯತ್ಯಾಸ ಅಂತ ಕೇಳಿದಿರಲ್ಲ, ಮೊದಲು ಕಣ್ಣಿಗೆ ಬೀಳುವುದು ಇದೇ. ಎರಡನೆಯದು, ಇವರು ವಾಪಸ್ ಹೋಗುವ ಮಾತೇ ಆಡಲಿಲ್ಲ. ಇದೇ ನಮ್ಮ ನೆಲ ಅಂದರು. ಕೆಲವು ಬರಹಗಳಲ್ಲಿ ಅಮೆರಿಕದ ನೈರುತ್ಯ ಭಾಗಕ್ಕೆ ‘ಅಸ್ತ್ಲಾನ್’ ಅಂತಲೇ ಬರೆಯುತ್ತಿದ್ದರು. ಅದು ಮೆಕ್ಸಿಕೋದ ಹಳೆಯ ಅಸ್ತೆಕ್ ಜನರ ಮೂಲನೆಲದ ಹೆಸರು.

ಇನ್ನು ಇಂಗ್ಲಿಷ್ ದಿನಪತ್ರಿಕೆಗಳು. 1943ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೌಕಾದಳದ ಹುಡುಗರು ದೊಗಳೆ ಸೂಟು ಹಾಕಿದ ಮೆಕ್ಸಿಕನ್ ಯುವಕರನ್ನು ಬೀದಿಯಲ್ಲಿ ಹಿಡಿದು, ಬಟ್ಟೆ ಬಿಚ್ಚಿಸಿ ಹೊಡೆದರು. ಊರಿನ ದೊಡ್ಡ ಪತ್ರಿಕೆಗಳು ಹೊಡೆದವರನ್ನೇ ಹೊಗಳುವ ಧಾಟಿಯಲ್ಲಿ ಬರೆದವು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಮೆಕ್ಸಿಕನ್ ಹುಡುಗರೆಂದರೆ ರೌಡಿಗಳು ಅಂತ ಬರೆದು ಬರೆದು ಜನರನ್ನು ಕೆರಳಿಸಿದ್ದೂ ಅವೇ. ‘ನಿಷ್ಪಕ್ಷಪಾತ’ ಎಂದು ಹೇಳಿಕೊಂಡವರು ಮಾಡಿದ ಕೆಲಸ ಇದು. ಚಿಕಾನೋ ಪತ್ರಿಕೆಯವರು ಆ ಮಾತಿನ ಮೇಲೆ ನಂಬಿಕೆ ಕಳೆದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಈಗ ಚಳವಳಿಯ ಪತ್ರಿಕೆಗಳಿಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಎಲ್ ಮಾಲ್‌ಕ್ರಿಯಾದೋ’. ಹೆಸರಿಗೆ ಕೆಟ್ಟ ಹುಡುಗ, ಎದುರುತ್ತರ ಕೊಡುವವನು ಎಂಬ ಅರ್ಥ. ಸೆಸಾರ್ ಚಾವೆಸ್‌ನ ಕೂಲಿಕಾರರ ಸಂಘ 1964ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋ ಎಂಬ ಊರಿನಿಂದ ಇದನ್ನು ಹೊರತಂದಿತು. ಬೆಲೆ 10 ಸೆಂಟ್. ಕೂಲಿಯವರು ರೇಷನ್ ತೆಗೆದುಕೊಳ್ಳುವ ಸಣ್ಣ ಅಂಗಡಿಗಳಲ್ಲಿ ಮಾರಾಟಕ್ಕೆ ಇಡುತ್ತಿದ್ದರು. ಮೊದಲು ಬರೀ ಸ್ಪ್ಯಾನಿಷ್, ಆಮೇಲೆ ಇಂಗ್ಲಿಷ್ ಸಂಚಿಕೆಯೂ ಬಂತು.

ಇದರ ಓದುಗರಲ್ಲಿ ಎಷ್ಟೋ ಜನ ಶಾಲೆ ಕಂಡಿದ್ದು ಒಂದೆರಡು ವರ್ಷ. ಅದಕ್ಕಾಗಿ ಆಂದ್ರೆಸ್ ಸೆರ್ಮೆನ್ಯೋ ಎಂಬ ಕಲಾವಿದ ವ್ಯಂಗ್ಯಚಿತ್ರ ಬರೆದ. ಅವನ ಪಾತ್ರಗಳು ಮೂರು. ದೋನ್ ಸೊತಾಕೋ ಕುಳ್ಳಗಿನ, ಪೆದ್ದು ಮುಖದ, ಎಲ್ಲದಕ್ಕೂ ತಲೆ ಬಗ್ಗಿಸುವ ಕೂಲಿಯವನು. ದೋನ್ ಕೊಯೋಟೆ ಕೂಲಿಯವರನ್ನು ಒದಗಿಸುವ ಮೇಸ್ತ್ರಿ, ನಡುವೆ ದುಡ್ಡು ಹೊಡೆಯುವವನು. ಪಾತ್ರೋನ್ಸಿತೋ ದಪ್ಪ ಹೊಟ್ಟೆಯ ತೋಟದ ಧಣಿ. ಈ ಮೂವರನ್ನು ನೋಡಿದರೆ ಸಾಕು, ತೋಟದ ಲೆಕ್ಕಾಚಾರವೆಲ್ಲ ಅರ್ಥವಾಗುತ್ತಿತ್ತು. ಇಲ್ಲಿ ಒಂದು ವಿಷಯ ಗಮನಿಸಿ. ಧಣಿಯನ್ನು ಗೇಲಿ ಮಾಡುವುದು ಸುಲಭ. ಸೆರ್ಮೆನ್ಯೋ ತನ್ನ ಓದುಗನನ್ನೂ ಬಿಡಲಿಲ್ಲ. ಸುಮ್ಮನೆ ತಲೆಯಾಡಿಸುವ ಸೊತಾಕೋನನ್ನು ನೋಡಿ ಕೂಲಿಯವರು ನಗುತ್ತಿದ್ದರು. ಛೇ, ನಾನೂ ಹೀಗೇ ಅಲ್ವಾ ಅಂತ ಅವರಿಗೆ ಚುಚ್ಚಬೇಕು ಎಂಬುದೇ ಉದ್ದೇಶ. ಈ ಚಿತ್ರಗಳ ಹಿಂದೆ ಮೆಕ್ಸಿಕೋದ ಜನಪ್ರಿಯ ಅಚ್ಚುಚಿತ್ರಗಳ ಪರಂಪರೆ ಇದೆ.

ಪತ್ರಿಕೆಯಲ್ಲಿ ಬರುತ್ತಿದ್ದದ್ದು ಕೂಲಿಯವರ ದಿನದಿನದ ಸುದ್ದಿ. ಯಾವ ಮೇಸ್ತ್ರಿ ಎಷ್ಟು ಕೂಲಿ ಹಿಡಿದುಕೊಂಡ, ಯಾವ ತೋಟದಲ್ಲಿ ಕುಡಿಯುವ ನೀರಿಲ್ಲ, ಯಾರ ಮೇಲೆ ದೂರು ಹೇಗೆ ಕೊಡಬೇಕು. ಮೇಸ್ತ್ರಿಗಳ ಹೆಸರು ಹಾಕಿಯೇ ಬರೆಯುತ್ತಿದ್ದರು. 1965ರ ಸೆಪ್ಟೆಂಬರ್ 8ರಂದು ಡೆಲಾನೋದ ದ್ರಾಕ್ಷಿ ತೋಟಗಳಲ್ಲಿ ಫಿಲಿಪಿನೋ ಕೂಲಿಯವರು ಮುಷ್ಕರ ಶುರು ಮಾಡಿದರು. ಎಂಟು ದಿನದ ಮೇಲೆ, ಮೆಕ್ಸಿಕೋದ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16ರಂದು, ಚಾವೆಸ್‌ನ ಸಂಘವೂ ಸೇರಿಕೊಳ್ಳಲು ತೀರ್ಮಾನಿಸಿತು. ಮುಷ್ಕರ, ದ್ರಾಕ್ಷಿ ಬಹಿಷ್ಕಾರ ಐದು ವರ್ಷ ನಡೆಯಿತು. 1970ರ ಜುಲೈನಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ಅಷ್ಟು ವರ್ಷ ಊರೂರಿನ ಕೂಲಿಯವರನ್ನು, ದೂರದ ನಗರಗಳಲ್ಲಿದ್ದ ಬೆಂಬಲಿಗರನ್ನು ಒಂದು ದಾರದಲ್ಲಿ ಹಿಡಿದಿಟ್ಟಿದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು.

ಇದರ ಕೊರತೆಯನ್ನೂ ಹೇಳಲೇಬೇಕು. ಬರಬರುತ್ತಾ ಯೂನಿಯನ್ನಿನ ಹಿಡಿತ ಬಿಗಿಯಾಯಿತು. ನಾಯಕನನ್ನು ಪ್ರಶ್ನಿಸುವ ಬರಹ ಅಲ್ಲಿ ಸಿಗುವುದಿಲ್ಲ. ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರನ್ನು ಮಾಲೀಕರು ಮುಷ್ಕರ ಮುರಿಯಲು ಬಳಸುತ್ತಿದ್ದರು. 1974ರಲ್ಲಿ ಯೂನಿಯನ್ ಆ ಬಡವರ ವಿರುದ್ಧವೇ ಪ್ರಚಾರಕ್ಕಿಳಿಯಿತು. ಯೂನಿಯನ್ನಿನ ಪತ್ರಿಕೆ ಯೂನಿಯನ್ನಿನ ದನಿಯಲ್ಲೇ ಮಾತಾಡಿತು. ಕರಪತ್ರ ಆಗುವುದಿಲ್ವಾ ಅಂತ ನೀವು ಕೇಳಿದ್ದಕ್ಕೆ ಇದು ಸರಿಯಾದ ಉದಾಹರಣೆ. ಕೂಲಿಯವರ ಪರ ನಿಂತಾಗ ಅದು ಪತ್ರಿಕೆಯಾಗಿತ್ತು. ಸಂಘಟನೆಯ ಪರ ಮಾತ್ರ ನಿಂತಾಗ ಕಣ್ಣಿಗೆ ಪಟ್ಟಿ ಬಿತ್ತು.

ಹಳ್ಳಿಗಾಡಿನಲ್ಲಿ ‘ಎಲ್ ಮಾಲ್‌ಕ್ರಿಯಾದೋ’ ಇದ್ದರೆ ನಗರಕ್ಕೆ ‘ಲಾ ರಾಸಾ’. 1967ರಲ್ಲಿ ಪೂರ್ವ ಲಾಸ್ ಏಂಜಲೀಸ್ ಹತ್ತಿರದ ಲಿಂಕನ್ ಹೈಟ್ಸ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಎಲಿಯೇಸರ್ ರೀಸ್ಕೋ, ರೂತ್ ರಾಬಿನ್ಸನ್ ಮತ್ತು ಗೆಳೆಯರು ಇದನ್ನು ಕಟ್ಟಿದರು. ರೀಸ್ಕೋ ಕ್ಯೂಬಾದಲ್ಲಿ ಹುಟ್ಟಿದವನು, ಮೊದಲು ‘ಎಲ್ ಮಾಲ್‌ಕ್ರಿಯಾದೋ’ದಲ್ಲಿ ಕೆಲಸ ಮಾಡಿದ್ದವನು. ಸಂಬಳ ಯಾರಿಗೂ ಇಲ್ಲ. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲ್ ಮಕ್ಕಳು ಸಾವಿರಗಟ್ಟಲೆ ತರಗತಿ ಬಿಟ್ಟು ಹೊರಬಂದರು. ಶಾಲೆಯಲ್ಲಿ ಸರಿಯಾಗಿ ಕಲಿಸುವುದಿಲ್ಲ, ಕಾಲೇಜಿನ ದಾರಿ ತೋರಿಸುವುದಿಲ್ಲ ಎಂಬುದು ಅವರ ಸಿಟ್ಟು. ‘ಲಾ ರಾಸಾ’ ಮಕ್ಕಳ ಬೇಡಿಕೆಗಳಿಗೆ ಪುಟ ಕೊಟ್ಟಿತು. ಆಮೇಲೆ 13 ಜನರ ಮೇಲೆ ಒಳಸಂಚಿನ ಕೇಸು ಬಿತ್ತು. ಅದರಲ್ಲಿ ರೀಸ್ಕೋ, ಪತ್ರಿಕೆಯ ಇನ್ನೊಬ್ಬ ಸಂಗಾತಿ ಜೋ ರಾಸೋ ಇಬ್ಬರೂ ಇದ್ದರು. ವರದಿ ಮಾಡುವವರೇ ಆರೋಪಿಗಳ ಪಟ್ಟಿಯಲ್ಲಿ! ಕೊನೆಗೆ ಕೇಸು ನಿಲ್ಲಲಿಲ್ಲ.

ಈ ಪತ್ರಿಕೆಯ ಶಕ್ತಿ ಫೋಟೋ. 1977ರವರೆಗೆ ಅವರು ತೆಗೆದ 25,000ಕ್ಕೂ ಹೆಚ್ಚು ಚಿತ್ರಗಳು ಈಗ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿವೆ. ಪೊಲೀಸ್ ಲಾಠಿ, ಮೆರವಣಿಗೆ ಇದ್ದೇ ಇವೆ. ಅದರ ಜೊತೆಗೆ ಮದುವೆ, ಅಂಗಡಿ ಮುಂದಿನ ಮುದುಕರು, ಬೀದಿಯಲ್ಲಿ ಆಡುವ ಮಕ್ಕಳು. ದೊಡ್ಡ ಪತ್ರಿಕೆಯ ಫೋಟೋಗ್ರಾಫರ್ ಆ ಕೇರಿಗೆ ಬರುತ್ತಿದ್ದದ್ದು ಗಲಾಟೆಯಾದಾಗ ಮಾತ್ರ. ಇವರು ಅಲ್ಲೇ ಇರುತ್ತಿದ್ದರು. ಅಲ್ಲೇ ಇದ್ದದ್ದರಿಂದ ಏನಾಯಿತು ಅಂತ ಈಗ ಹೇಳುತ್ತೇನೆ.

1970ರ ಆಗಸ್ಟ್ 29. ವಿಯೆಟ್ನಾಂ ಯುದ್ಧದಲ್ಲಿ ನಮ್ಮ ಹುಡುಗರೇ ಜಾಸ್ತಿ ಸಾಯುತ್ತಿದ್ದಾರೆ ಅಂತ ಪೂರ್ವ ಲಾಸ್ ಏಂಜಲೀಸ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಚಿಕಾನೋಗಳು ಮೆರವಣಿಗೆ ಮಾಡಿದರು. ಲಗೂನಾ ಪಾರ್ಕಿನಲ್ಲಿ ಸಭೆ. ಕುಟುಂಬ ಸಮೇತ ಬಂದು ಹುಲ್ಲಿನ ಮೇಲೆ ಕೂತಿದ್ದ ಜನರ ಮೇಲೆ ಶೆರಿಫ್ ಇಲಾಖೆಯ ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ನುಗ್ಗಿದರು. ಮಧ್ಯಾಹ್ನದ ಮೇಲೆ ವಿಟಿಯರ್ ಬೊಲೆವಾರ್ಡ್‌ನ ಸಿಲ್ವರ್ ಡಾಲರ್ ಎಂಬ ಬಾರಿನೊಳಗೆ ಪತ್ರಕರ್ತ ರೂಬೆನ್ ಸಲಸಾರ್ ಕೂತಿದ್ದರು. ಬಾಗಿಲ ಪರದೆಯಾಚೆಯಿಂದ ಒಬ್ಬ ಪೊಲೀಸ್ ಅಶ್ರುವಾಯು ಶೆಲ್ ಹಾರಿಸಿದ. ಮಾಮೂಲಿ ಶೆಲ್ ಅಲ್ಲ, ಗೋಡೆ ತೂರಿ ಹೋಗುವಂಥದ್ದು. ಅದು ಸಲಸಾರ್ ತಲೆಗೆ ಬಡಿಯಿತು. ಅಲ್ಲೇ ಪ್ರಾಣ ಹೋಯಿತು. ಅವರಿಗೆ 42 ವರ್ಷ.

ಒಳಗೆ ಬಂದೂಕು ಹಿಡಿದವನಿದ್ದಾನೆ ಅಂತ ದೂರು ಬಂದಿತ್ತು, ಎಲ್ಲರಿಗೂ ಹೊರಗೆ ಬನ್ನಿ ಅಂತ ಹೇಳಿದ್ದೆವು, ಆಮೇಲೇ ಶೆಲ್ ಹಾರಿಸಿದ್ದು ಎಂಬುದು ಪೊಲೀಸರ ವಾದ. ‘ಲಾ ರಾಸಾ’ದ ರಾವುಲ್ ರುಯಿಸ್ ಮತ್ತು ಜೋ ರಾಸೋ ಅದೇ ರಸ್ತೆಯ ಆಚೆ ಬದಿಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದರು. ಅವರ ಒಂದು ಚಿತ್ರದಲ್ಲಿ ಬಾರಿನ ಬಾಗಿಲಲ್ಲಿ ಕೆಲವರು ನಿಂತಿದ್ದಾರೆ. ಎದುರಿಗೆ ಒಬ್ಬ ಪೊಲೀಸ್ ಬಂದೂಕನ್ನು ಅವರ ಕಡೆ ಹಿಡಿದಿದ್ದಾನೆ. ಅವರನ್ನು ಹೊರಗೆ ಕರೆಯಲಿಲ್ಲ, ಒಳಗೇ ತಳ್ಳಿದರು ಅಂತ ಅಲ್ಲಿದ್ದವರು ಹೇಳಿದರು. ಚಿತ್ರಗಳು ‘ಲಾ ರಾಸಾ’ದಲ್ಲಿ ಮಾತ್ರ ಅಲ್ಲ, ‘ಲಾಸ್ ಏಂಜಲೀಸ್ ಟೈಮ್ಸ್’ನಲ್ಲೂ ಅಚ್ಚಾದವು. ಸಾವು ಹೇಗಾಯಿತು ಅಂತ ನಡೆದ ವಿಚಾರಣೆ ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು, ಅದರಲ್ಲಿ ರುಯಿಸ್ ಸಾಕ್ಷಿ ನುಡಿದರು. ತೀರ್ಪುಗಾರರು 4–3ರಂತೆ ಒಡೆದುಹೋದರು. ಯಾರ ಮೇಲೂ ಕೇಸು ಹಾಕಲಿಲ್ಲ. 2011ರಲ್ಲಿ ಬಂದ ಒಂದು ಪರಿಶೀಲನಾ ವರದಿ, ಬೇಕಂತಲೇ ಕೊಂದರು ಅನ್ನಲು ಸಾಕ್ಷಿ ಸಿಕ್ಕಿಲ್ಲ, ಆದರೆ ಪೊಲೀಸರಿಂದ ತಪ್ಪಿನ ಮೇಲೆ ತಪ್ಪು ನಡೆದಿದೆ ಎಂದಿತು. ಚಳವಳಿಯ ಪತ್ರಿಕೆ ಕೊಟ್ಟ ಫೋಟೋ ಇಲ್ಲದಿದ್ದರೆ ಪೊಲೀಸರು ಹೇಳಿದ್ದೊಂದೇ ದಾಖಲೆಯಾಗಿ ಉಳಿಯುತ್ತಿತ್ತು.

ಸಲಸಾರ್ ಯಾರು ಅಂತ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಅವರು ಚಳವಳಿಯ ಪತ್ರಕರ್ತರಾಗಿರಲಿಲ್ಲ. 1928ರಲ್ಲಿ ಮೆಕ್ಸಿಕೋದ ಸಿಯುದಾದ್ ಹ್ವಾರೆಸ್‌ನಲ್ಲಿ ಹುಟ್ಟಿ, ಗಡಿಯಾಚೆಯ ಎಲ್ ಪಾಸೋದಲ್ಲಿ ಬೆಳೆದರು. ಅಲ್ಲಿನ ಪತ್ರಿಕೆಯಲ್ಲಿ ವರದಿಗಾರರಾಗಿದ್ದಾಗ ಕುಡುಕನ ವೇಷದಲ್ಲಿ ಬೇಕಂತಲೇ ಜೈಲು ಸೇರಿ, ಒಳಗಿನ ಹೊಲಸನ್ನೆಲ್ಲ ಬರೆದರು. 1959ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಸೇರಿದರು. ಡೊಮಿನಿಕನ್ ರಿಪಬ್ಲಿಕ್, ವಿಯೆಟ್ನಾಂನಿಂದ ವರದಿ ಮಾಡಿದರು. ಮೆಕ್ಸಿಕೋ ನಗರದ ಕಚೇರಿಯ ಮುಖ್ಯಸ್ಥರಾದರು. 1970ರಲ್ಲಿ ಕೆ.ಎಂ.ಇ.ಎಕ್ಸ್. ಎಂಬ ಸ್ಪ್ಯಾನಿಷ್ ಟಿ.ವಿ. ಚಾನಲ್ಲಿನ ಸುದ್ದಿ ನಿರ್ದೇಶಕರಾದರು. ಜೊತೆಗೆ ‘ಟೈಮ್ಸ್’ಗೆ ವಾರಕ್ಕೊಂದು ಅಂಕಣ. ಫೆಬ್ರವರಿ 6ರ ಅಂಕಣದಲ್ಲಿ ಚಿಕಾನೋ ಅಂದರೆ ಯಾರು, ಅವರಿಗೇನು ಬೇಕು ಅಂತ ಇಂಗ್ಲಿಷ್ ಓದುಗರಿಗೆ ಬಿಡಿಸಿ ಹೇಳಿದರು. ತನ್ನನ್ನು ಬಿಳಿಯರ ಕಣ್ಣಿನಿಂದ ನೋಡಿಕೊಳ್ಳದ ಮೆಕ್ಸಿಕನ್ ಅಮೆರಿಕನ್ನೇ ಚಿಕಾನೋ ಎಂಬುದು ಅವರು ಕೊಟ್ಟ ವಿವರಣೆಯ ತಿರುಳು. ಸಣ್ಣ ವಾಕ್ಯ, ಕೂಗಾಟವಿಲ್ಲ, ಒಂದೊಂದೇ ಸಂಗತಿ ಇಟ್ಟುಕೊಂಡು ಹೋಗುವ ಶೈಲಿ. ಅದೇ ಜುಲೈನಲ್ಲಿ ಪೊಲೀಸರು ತಪ್ಪಾಗಿ ಇಬ್ಬರು ಮೆಕ್ಸಿಕನ್ನರನ್ನು ಕೊಂದಾಗ ಅವರ ಚಾನಲ್ ಅದನ್ನು ಬಿಡದೆ ತೋರಿಸಿತು. ಇಂಥ ಸುದ್ದಿ ಕೇರಿಯ ಜನರ ತಲೆ ಹೊಕ್ಕರೆ ಅಪಾಯ ಅಂತ ಪೊಲೀಸರು ಬಂದು ಎಚ್ಚರಿಸಿ ಹೋದರು. ಸಲಸಾರ್ ಅದನ್ನೂ ಬರೆದರು.

ಅಂದರೆ ಆಗ ಎರಡು ದಾರಿಗಳಿದ್ದವು. ಒಂದು ಕೇರಿಯೊಳಗೆ ನಿಂತು, ಕೇರಿಯವರಿಗೆ, ಅವರದೇ ಮಾತಿನಲ್ಲಿ ಬರೆಯುವುದು. ಇನ್ನೊಂದು ದೊಡ್ಡ ಪತ್ರಿಕೆಯೊಳಗೆ ಕೂತು ಹೊರಗಿನವರಿಗೆ ಅರ್ಥ ಮಾಡಿಸುವುದು. ಚಳವಳಿಯ ಕೆಲವರಿಗೆ ಸಲಸಾರ್ ಮೇಲೆ ಅನುಮಾನವಿತ್ತು. ಅವರು ಸತ್ತ ದಿನ ಈ ಎರಡೂ ದಾರಿಯವರು ಒಂದೇ ರಸ್ತೆಯಲ್ಲಿದ್ದರು. ಲಗೂನಾ ಪಾರ್ಕಿಗೆ ಈಗ ಸಲಸಾರ್ ಹೆಸರಿದೆ.

ಇನ್ನು ಉಳಿದ ಪತ್ರಿಕೆಗಳು. ಡೆನ್ವರ್‌ನಲ್ಲಿ ‘ಎಲ್ ಗಾಯೋ’, ಸ್ಯಾನ್ ಡಿಯಾಗೋದಲ್ಲಿ ‘ಲಾ ವೆರ್ದಾದ್’, ಹೀಗೆ ಊರಿಗೊಂದು ಹುಟ್ಟಿದವು. ಆಫ್‌ಸೆಟ್ ಮುದ್ರಣ ಅಗ್ಗವಾದದ್ದೂ ಇದಕ್ಕೊಂದು ಕಾರಣ. ಟೈಪ್ ಮಾಡಿ, ಕತ್ತರಿಸಿ, ಅಂಟಿಸಿ ಪುಟ ಕಟ್ಟಿದರೆ ಸಾಕಿತ್ತು. ಇವರೆಲ್ಲ ಸೇರಿ ಚಿಕಾನೋ ಪ್ರೆಸ್ ಅಸೋಸಿಯೇಷನ್ ಮಾಡಿಕೊಂಡರು. ಒಬ್ಬರ ಬರಹ, ಚಿತ್ರಗಳನ್ನು ಇನ್ನೊಬ್ಬರು ಧಾರಾಳವಾಗಿ ಬಳಸಬಹುದಿತ್ತು. ಅದರಿಂದಾಗಿ ಟೆಕ್ಸಸ್‌ನ ಸುದ್ದಿ ಕ್ಯಾಲಿಫೋರ್ನಿಯಾದ ಕೇರಿಗೂ ತಲುಪುತ್ತಿತ್ತು. ಕವಿತೆ, ಘೋಷಣಾಪತ್ರ, ಕೋರ್ಟ್ ಕೇಸಿನ ತಾರೀಖು, ಕಾರ್ಟೂನ್ ಎಲ್ಲ ಒಂದೇ ಪುಟದಲ್ಲಿ ಇರುತ್ತಿದ್ದವು. ವರದಿಗಾರ ‘ನಾನು’, ‘ನಾವು’ ಅನ್ನಲು ಹಿಂಜರಿಯುತ್ತಿರಲಿಲ್ಲ. ವಿಷಯ ಬೆಳೆದ ಹಾಗೆ ಸಿಟ್ಟು ಏರುತ್ತಿತ್ತು. ಅಚ್ಚಿನ ತಪ್ಪುಗಳಂತೂ ಧಾರಾಳ.

ನ್ಯೂ ಮೆಕ್ಸಿಕೋದ ‘ಎಲ್ ಗ್ರೀತೋ ದೆಲ್ ನೋರ್ತೆ’ಯನ್ನು ಬೇರೆಯಾಗಿ ನೋಡಬೇಕು. 1968ರಿಂದ 1973ರವರೆಗೆ ಎಸ್ಪನ್ಯೋಲಾ ಎಂಬ ಸಣ್ಣ ಊರಿನಿಂದ ಬಂತು. ಶುರು ಮಾಡಿದ್ದು ಬೆತೀತಾ ಮಾರ್ಟಿನೆಸ್ ಮತ್ತು ವಕೀಲೆ ಬೆವರ್ಲಿ ಆಕ್ಸೆಲ್‌ರಾಡ್. ಕಳೆದುಹೋದ ಜಮೀನಿನ ಹಕ್ಕಿನ ಹೋರಾಟ ಇದರ ಮುಖ್ಯ ವಿಷಯ. ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಎನ್ರಿಕೇತಾ ವಾಸ್ಕೆಸ್ ಎಂಬಾಕೆಯ ಅಂಕಣ ಮನೆಯಲ್ಲಿ ಕೂತು ಮಾತಾಡಿದ ಹಾಗಿರುತ್ತದೆ. ಯುದ್ಧ, ಚರ್ಚು, ಹೆಣ್ಣುಮಕ್ಕಳ ಸ್ಥಿತಿ ಎಲ್ಲ ಅದರಲ್ಲಿ ಬರುತ್ತದೆ.

ಹೆಣ್ಣುಮಕ್ಕಳು ಅಂದಾಗ ಕಹಿಯಾದ ಒಂದು ಮಾತು. ಚಳವಳಿಯೊಳಗೆ ಟೈಪ್ ಮಾಡುವುದು, ಅಡುಗೆ ಮಾಡುವುದು ಅವರ ಪಾಲಿಗೆ ಬರುತ್ತಿತ್ತು. ಲಾಂಗ್ ಬೀಚ್‌ನ ಕಾಲೇಜಿನಲ್ಲಿ ಆನ್ನಾ ನಿಯೇತೋಗೋಮೆಸ್ ಮತ್ತು ಗೆಳತಿಯರು 1971ರಲ್ಲಿ ‘ಇಹಾಸ್ ದೆ ಕ್ವಾವ್ತೆಮೋಕ್’ ಎಂಬ ಪತ್ರಿಕೆ ತಂದು ಇದನ್ನೇ ಬರೆದರು. ಅವರದೇ ಚಳವಳಿಯ ಗಂಡುಹುಡುಗರು ಈ ಹೆಣ್ಣುಮಕ್ಕಳ ಪ್ರತಿಕೃತಿ ನೇತುಹಾಕಿ ಅಣಕು ಶವಸಂಸ್ಕಾರ ಮಾಡಿದರು. ಹೆಣ್ಣುಮಕ್ಕಳು ನಿಲ್ಲಿಸಲಿಲ್ಲ. 1973ರಲ್ಲಿ ಇನ್ನೂ ಗಟ್ಟಿಯಾದ ‘ಎನ್‌ಕ್ವೆಂತ್ರೋ ಫೆಮೆನಿಲ್’ ಎಂಬ ನಿಯತಕಾಲಿಕ ತಂದರು. ತಮ್ಮವರನ್ನೇ ಪ್ರಶ್ನಿಸಿ ಬರೆಯುವ ಧೈರ್ಯ ಆ ಹೊತ್ತಿನಲ್ಲಿ ಅತಿ ಹೆಚ್ಚು ಇದ್ದದ್ದು ಇವರಲ್ಲೇ ಅಂತ ನನ್ನ ಅಭಿಪ್ರಾಯ.

1970ರ ದಶಕ ಮುಗಿಯುವಷ್ಟರಲ್ಲಿ ಬಹಳಷ್ಟು ಪತ್ರಿಕೆಗಳು ನಿಂತವು. ದುಡ್ಡಿಲ್ಲ, ದುಡಿದವರು ಸುಸ್ತಾದರು, ಪೊಲೀಸ್ ಕಾಟ. ಅಲ್ಲಿ ಕಲಿತವರಲ್ಲಿ ಎಷ್ಟೋ ಜನ ಶಿಕ್ಷಕರಾದರು, ಕೆಲವರು ದೊಡ್ಡ ಪತ್ರಿಕೆಗೆ ಹೋದರು. 1972ರಲ್ಲಿ ಕ್ಯಾಲಿಫೋರ್ನಿಯಾದ ಚಿಕಾನೋ ಪತ್ರಕರ್ತರು ತಮ್ಮದೇ ಸಂಘ ಕಟ್ಟಿಕೊಂಡರು. 1983ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ನ ಮೆಕ್ಸಿಕನ್ ಮೂಲದ ಸಂಪಾದಕರು, ವರದಿಗಾರರು, ಫೋಟೋಗ್ರಾಫರ್‌ಗಳೇ ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾದ ತಮ್ಮ ಜನರ ಬಗ್ಗೆ ದೊಡ್ಡ ಲೇಖನಮಾಲೆ ಬರೆದರು. ಅದಕ್ಕೆ 1984ರ ಪುಲಿಟ್ಜರ್ ಸಾರ್ವಜನಿಕ ಸೇವಾ ಪ್ರಶಸ್ತಿ ಬಂತು. ಆ ತಂಡದ ಜಾರ್ಜ್ ರಾಮೋಸ್ ತಾನು ಬೆಳೆದ ಕೇರಿಗೇ ವಾಪಸ್ ಹೋಗಿ ಬರೆದಿದ್ದರು. ಅದೇ ತಂಡದ ಫ್ರಾಂಕ್ ದೆಲ್ ಓಲ್ಮೋ 1994ರಲ್ಲಿ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಕಾಗದಪತ್ರವಿಲ್ಲದ ವಲಸಿಗರಿಗೆ ಶಾಲೆ, ಆಸ್ಪತ್ರೆ ತಪ್ಪಿಸುವ ಪ್ರಸ್ತಾವವನ್ನು ಬೆಂಬಲಿಸಿದ ಗವರ್ನರ್ ಪೀಟ್ ವಿಲ್ಸನ್ ಪರ ಪತ್ರಿಕೆ ನಿಂತಾಗ, ರಾಜೀನಾಮೆಗೆ ಸಿದ್ಧರಾದರು. ಕೊನೆಗೆ ಅದೇ ಪತ್ರಿಕೆಯಲ್ಲಿ ತಮ್ಮ ವಿರೋಧವನ್ನು ಬರೆದರು.

ಸೆಮಿನಾರಿಗೆ ಒಂದು ಸಲಹೆ. ಎಲ್ಲವನ್ನೂ ಹೇಳಲು ಹೋಗಬೇಡಿ, ಇಪ್ಪತ್ತು ನಿಮಿಷ ಸಾಲದು. 1970ರ ಆಗಸ್ಟ್ 29ರ ಘಟನೆಯನ್ನೇ ಹಿಡಿಯಿರಿ. ಸಲಸಾರ್ ಅಂಕಣಗಳು ಇಂಗ್ಲಿಷ್‌ನಲ್ಲಿವೆ, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತವೆ. ‘ಲಾ ರಾಸಾ’ದ ಚಿತ್ರಗಳೂ ಅಲ್ಲಿವೆ. ‘ಎಲ್ ಮಾಲ್‌ಕ್ರಿಯಾದೋ’ದ ಹಳೆಯ ಸಂಚಿಕೆಗಳನ್ನು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸ್ಕ್ಯಾನ್ ಮಾಡಿ ಇಟ್ಟಿದೆ. ಸ್ಪ್ಯಾನಿಷ್ ಬರದಿದ್ದರೂ ಸೆರ್ಮೆನ್ಯೋ ಚಿತ್ರಗಳು ಅರ್ಥವಾಗುತ್ತವೆ. ಒಂದೇ ವಾರದ ಸುದ್ದಿಯನ್ನು ದೊಡ್ಡ ಪತ್ರಿಕೆ ಹೇಗೆ ಬರೆಯಿತು, ಚಿಕಾನೋ ಪತ್ರಿಕೆ ಹೇಗೆ ಬರೆಯಿತು ಅಂತ ಪಕ್ಕಪಕ್ಕ ಇಟ್ಟು ನೋಡಿ. ಯಾರ ಮಾತನ್ನು ಮೊದಲು ಹಾಕಿದ್ದಾರೆ, ಯಾರಿಗೆ ಹೆಸರು ಕೊಟ್ಟಿದ್ದಾರೆ, ಯಾರನ್ನು ಬರೀ ‘ಗುಂಪು’ ಅಂತ ಬಿಟ್ಟಿದ್ದಾರೆ ಅಂತ ಗುರುತು ಹಾಕಿಕೊಳ್ಳಿ. ನಿಮ್ಮ ಮೇಷ್ಟ್ರಿಗೂ ಆ ಎರಡು ಪುಟಗಳನ್ನು ತೋರಿಸಿ.